ಕಾಗೆ ಮುಟ್ಟಿದವಳ ತಾಯಿ

ರಾಯದುರ್ಗದಲ್ಲಿ ಯಾರಾದರೂ ಸಾಯುವುದಕ್ಕೆ ತಡಮಾಡಿದರೆ ನನ್ನನ್ನು ಕರೆಸುತ್ತಿದ್ದರು. ಹುಟ್ಟುವವರನ್ನು ಹಿಡಿದುಕೊಳ್ಳುವವಳಿಗೆ ಸೂಲಗಿತ್ತಿ ಎಂಬ ಹೆಸರಿದೆ, ಮರ್ಯಾದೆಯಿದೆ, ಹಬ್ಬಕ್ಕೆ ಕರೆದು ಹೋಳಿಗೆ ಹಾಕುವವರಿದ್ದಾರೆ. ಹೋಗುವವರನ್ನು ಕಳಿಸಿಕೊಡುವವಳಿಗೆ ಯಾರೂ ಒಂದು ಹೆಸರು ಇಟ್ಟಿರಲಿಲ್ಲ. "ಆಕಿನ್ನ ಕರೀರಿ" ಎನ್ನುತ್ತಿದ್ದರು, ಅಷ್ಟೇ. ಆಕಿ ಎಂದರೆ ಯಾರು ಎಂದು ಪೇಟೆಗೆಲ್ಲ ಗೊತ್ತಿತ್ತು. ನಾನು ಬೀದಿಯಲ್ಲಿ ಎದುರಾದರೆ ವಯಸ್ಸಾದ ಗಂಡಸರು ಬರುತ್ತಿದ್ದ ಕೆಮ್ಮನ್ನು ನುಂಗಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ದಾಟಿಹೋಗುತ್ತಿದ್ದರು. ಒಬ್ಬ ಶ್ಯಾನುಭೋಗರಂತೂ ನನ್ನನ್ನು ಕಂಡರೆ ರಸ್ತೆಯ ಆ ಕಡೆಗೇ ಹೋಗಿಬಿಡುತ್ತಿದ್ದರು. ಕೊನೆಗೆ ಅವರ ಮನೆಯಿಂದಲೂ ಕರೆ ಬಂತು, ಹೋದೆ. ಅವರಿಗೆ ಆಗ ರಸ್ತೆ ದಾಟುವ ಶಕ್ತಿ ಇರಲಿಲ್ಲ.

ನಾನು ಹುಟ್ಟಿದ್ದು ಮಡಕಶಿರದ ಪಕ್ಕದ ಹಳ್ಳಿಯಲ್ಲಿ, ಕೊಟ್ಟಿದ್ದು ರಾಯದುರ್ಗಕ್ಕೆ. ಗಂಡ ಬೇಗ ತೀರಿಹೋದ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಆ ವಿಷಯ ಇಲ್ಲಿ ಬೇಡ. ಉಳಿದವರು ಅತ್ತೆ. ಅವರು ಸಾಯಲು ಹೊರಟು ವರ್ಷಗಟ್ಟಲೆ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದರು. ಅವರ ಬಾಯಿ ಒದ್ದೆ ಮಾಡುವುದು, ಮಗ್ಗುಲು ತಿರುಗಿಸುವುದು, ಬೆನ್ನು ಹುಣ್ಣಾಗದ ಹಾಗೆ ಹಳೇ ಸೀರೆ ಮಡಿಸಿ ಹಾಕುವುದು, ಬೈಸಿಕೊಳ್ಳುವುದು, ತಿರುಗಿ ಬೈಯುವುದು, ಇದೆಲ್ಲ ನಾನು ಕಲಿತದ್ದು ಅಲ್ಲಿ. ಅತ್ತೆ ಹೋದ ಮೇಲೆ ಪಕ್ಕದ ಮನೆಯವರು ಕರೆದರು, ಆಮೇಲೆ ಅವರ ಬೀಗರು ಕರೆದರು. ಗಂಡ ಸತ್ತವಳು ಮದುವೆಗೆ ಬೇಡ, ಸೀಮಂತಕ್ಕೆ ಬೇಡ, ಸಾವಿನ ಮನೆಗೆ ಮಾತ್ರ ಯಾವ ಅಡ್ಡಿಯೂ ಇಲ್ಲ. ಊರು ನನಗೆ ತೆರೆದಿಟ್ಟ ಬಾಗಿಲು ಅದೊಂದೇ, ನಾನು ಅದರಲ್ಲೇ ನುಗ್ಗಿದೆ.

ಕೆಲಸ ಕಷ್ಟದ್ದೇನಲ್ಲ. ಸಾಯುವವರಿಂದ ತೊಂದರೆಯಿಲ್ಲ, ಸುತ್ತ ನಿಂತವರಿಂದ ತೊಂದರೆ. ಮಂಚದ ಮೇಲೆ ಪ್ರಾಣ ಬಿಡಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಅದಕ್ಕೆ ಮಕ್ಕಳು ಉಸಿರು ಸ್ವಲ್ಪ ಏರುಪೇರಾದರೆ ಸಾಕು, ಅಪ್ಪನನ್ನು ಎತ್ತಿ ನೆಲಕ್ಕೆ ಹಾಕುತ್ತಾರೆ. ಶೇಂಗಾ ದಲ್ಲಾಳಿಯೊಬ್ಬನನ್ನು ಹೀಗೇ ಇಳಿಸಿದರು, ಚೇತರಿಸಿಕೊಂಡ, ಹತ್ತಿಸಿದರು, ಮತ್ತೆ ಇಳಿಸಿದರು. ಚಳಿಗಾಲ ಬೇರೆ. ನಾನು ಹೋದಾಗ ಅವನು ಚಾಪೆಯ ಮೇಲೆ ಹಲ್ಲು ಕಡಿಯುತ್ತ ಮಲಗಿದ್ದ. "ಅಕ್ಕಾರ, ಇವರಿಗೆ ಹೇಳ್ರಿ, ನೆಲ ತಣ್ಣಗೈತಿ. ಮಂಚದ ಮ್ಯಾಲೆ ಹಾಕಿದ್ರ ಸಾಯ್ತೀನಿ, ಇಲ್ಲಂದ್ರ ಇಲ್ಲ" ಎಂದ. ಮಕ್ಕಳನ್ನು ಹೊರಗೆ ಓಡಿಸಿ ಮಂಚದ ಮೇಲೆ ಹಾಕಿಸಿದೆ. ಅವನು ಮಾತಿಗೆ ತಪ್ಪಲಿಲ್ಲ. ಮಕ್ಕಳು ನನ್ನ ಮೇಲೆ ಸಿಟ್ಟಾಗಿ ಶಾಂತಿ ಮಾಡಿಸಿದರು, ಪುರೋಹಿತರಿಗೆ ಲಾಭವಾಯಿತು.

ಉಸಿರು ನಿಂತ ಮೇಲೆ ನನ್ನ ಇನ್ನೊಂದು ಕೆಲಸ. ರಾಯದುರ್ಗದ ಕಡೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವನ ಗುಣಗಳನ್ನು ಒಂದೊಂದಾಗಿ ರಾಗ ಎಳೆದು ಹೇಳುತ್ತಾರೆ, ಬದುಕಿದ್ದಾಗ ಅವನಿಗೂ ಗೊತ್ತಿರದಿದ್ದ ಗುಣಗಳು. ಅವರ ಬಗ್ಗೆ ನನಗೆ ಚಿಂತೆಯಿಲ್ಲ. ಹಾಡು ಮುಗಿದರೆ ಎದ್ದು ಮುಖ ತೊಳೆದು ಒಲೆ ಹಚ್ಚುತ್ತಾರೆ. ಅಳದೆ ಕೂತವರೇ ನನ್ನ ಪಾಲು. ಅಂಥವರಿಗೆ ದೂರದ ಚಿಕ್ಕಪ್ಪಂದಿರು ಆತ್ಮಕ್ಕೆ ಸಾವಿಲ್ಲ ಎಂದು ಹೇಳಿ, ಊಟ ಮಾಡಿ, ವೀಳ್ಯ ಹಾಕಿಕೊಂಡು ಹೋಗುತ್ತಾರೆ. ನಾನು ಏನೂ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಲೋ ಕಾಳು ಆರಿಸುತ್ತಲೋ ಇರುತ್ತೇನೆ. ಯಾವಾಗಲೋ ಒಂದು ಸಲ ಅವರೇ ಬಾಯಿ ಬಿಡುತ್ತಾರೆ, ಸತ್ತವರ ಮೇಲೆ ಒಂದು ದೂರು ಹೇಳುತ್ತಾರೆ. ದೂರು ಬಂತೆಂದರೆ ಹಿಂದೆಯೇ ಅಳುವೂ ಬರುತ್ತದೆ. ಇಷ್ಟೇ ನನ್ನ ವಿದ್ಯೆ.

ಈ ವಿದ್ಯೆ ಒಬ್ಬಳ ಮುಂದೆ ಉಪಯೋಗಕ್ಕೆ ಬರಲಿಲ್ಲ. ಅವಳ ಕಥೆ ಹೇಳಬೇಕಾದರೆ ಮೊದಲು ಕಾಗೆಯ ವಿಷಯ ಹೇಳಬೇಕು.

ನಮ್ಮಲ್ಲಿ ಕಾಗೆ ಬಂದು ತಲೆ ಮುಟ್ಟಿದರೆ ಆಯುಸ್ಸು ಮುಗಿಯಿತು ಎಂದು ಲೆಕ್ಕ. ಇದಕ್ಕೆ ಪರಿಹಾರವೂ ಉಂಟು. ಕಾಗೆ ಮುಟ್ಟಿದವರು ಸತ್ತೇಹೋದರು ಎಂದು ದೂರದ ರಕ್ತಸಂಬಂಧಿಗಳಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ, ಎದೆ ಬಡಿದುಕೊಂಡು ನಿಜವಾಗಿ ಅಳಬೇಕು. ಅಳು ಮುಗಿದ ಮೇಲೆ "ಸುಮ್ಮನೆ ಹೇಳಿದ್ದು, ಕಾಗೆ ಮುಟ್ಟಿತ್ತು" ಎಂದು ತಿಳಿಸಬೇಕು. ಅಷ್ಟಕ್ಕೆ ಗಂಡಾಂತರ ಕಳೆಯಿತು. ಯಮ ಪಾಶ ಹಿಡಿದು ಬರುತ್ತಿರುತ್ತಾನಂತೆ, ದಾರಿಯಲ್ಲಿ ಈ ಅಳು ಕೇಳಿ, ಓ, ಈ ಕೆಲಸ ಆಗಿಹೋಗಿದೆ ಎಂದು ಕೋಣ ತಿರುಗಿಸಿಕೊಂಡು ಹೋಗುತ್ತಾನಂತೆ. ಇಷ್ಟೊಂದು ಸಾವು ನೋಡಿದವಳಾಗಿ ಹೇಳುತ್ತೇನೆ, ಯಮ ಅಷ್ಟು ದಡ್ಡನೆಂದು ನನಗೆ ಒಂದು ಸಲವೂ ಅನ್ನಿಸಿಲ್ಲ. ಆದರೆ ಈ ಪದ್ಧತಿ ಕಟ್ಟಿದವರು ಅವನನ್ನು ತಾಲೂಕು ಕಚೇರಿಯ ಗುಮಾಸ್ತನೆಂದೇ ತಿಳಿದಿದ್ದರು.

ಗುಮ್ಮಘಟ್ಟದ ದಾರಿಯಲ್ಲಿ, ಪೇಟೆಗೆ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಗೆಳತಿಯಿದ್ದಳು. ಅವಳೂ ಮಡಕಶಿರದ ಕಡೆಯಿಂದ ಬಂದವಳು, ಅವಳ ತಾಯಿಗೆ ನಾನು ಚಿಕ್ಕಂದಿನಿಂದ ಗೊತ್ತು. ಗಂಡನ ಮನೆಯವರದು ಕುರಿ ಮತ್ತು ಒಣಭೂಮಿ. ಸಂತೆಗೆ ಬಂದಾಗ ನನ್ನ ಜಗಲಿಯ ಮೇಲೆ ಕೂತು ನಾವಿಬ್ಬರೂ ತವರಿನ ಮಾತಿನಲ್ಲಿ ಊರಿನವರನ್ನೆಲ್ಲ ಬೈದುಕೊಳ್ಳುತ್ತಿದ್ದೆವು. ಅಷ್ಟು ಹೊತ್ತು ಅವಳಿಗೆ ರಿ ಹಚ್ಚಿ ಮಾತಾಡುವ ಶ್ರಮ ತಪ್ಪುತ್ತಿತ್ತು, ನನಗೂ ತಪ್ಪುತ್ತಿತ್ತು. ಅವಳ ಬಾಯಿ ಬಲು ಜೋರು. ಕುರಿಗಳೂ ಅವಳಿಗೆ ಹೆದರುತ್ತಿದ್ದವು, ಅತ್ತೆಯೂ ಹೆದರುತ್ತಿದ್ದಳು.

ಕಾಗೆ ಮಾತ್ರ ಹೆದರಲಿಲ್ಲ. ಹೊಲಕ್ಕೆ ಬುತ್ತಿ ಹೊತ್ತು ಹೋಗುತ್ತಿದ್ದವಳ ತಲೆಯ ಮೇಲೆ ಎರಗಿತು. ಬುತ್ತಿಯ ಆಸೆಗೆ ಎರಗಿತೆಂದು ಕುರುಡರಿಗೂ ಗೊತ್ತಾಗುತ್ತಿತ್ತು, ಅವಳ ಅತ್ತೆಗೆ ಗೊತ್ತಾಗಲಿಲ್ಲ. ಮಡಕಶಿರದ ಕಡೆಗೆ ಆಳು ಹೋಯಿತು. ಅಲ್ಲಿ ಇವಳ ತಾಯಿ ರೇಷ್ಮೆಹುಳು ಸಾಕುತ್ತಿದ್ದಳು. ಗಂಡನಿಲ್ಲದ ಮುದುಕಿ, ಮಗ ಸೊಸೆಯ ಜೊತೆಗಿದ್ದರೂ ಹುಳುವಿನ ಕೋಣೆಗೆ ಅವಳೇ ಯಜಮಾನಿ. ಹುಳುವಿಗೆ ಮೈಲಿಗೆ ಆಗದು. ಸಾವಿನ ಸುದ್ದಿ ಕೇಳಿದ ರಕ್ತಸಂಬಂಧಿಗಳೂ ಅವರ ಮನೆಯವರೂ ಆ ಕೋಣೆಗೆ ಕಾಲಿಡುವಂತಿಲ್ಲ, ಹಿಪ್ಪುನೇರಳೆ ಸೊಪ್ಪು ಮುಟ್ಟುವಂತಿಲ್ಲ. ಮುದುಕಿ ಸುದ್ದಿ ಕೇಳಿದವಳೇ ಸೊಪ್ಪಿನ ಪುಟ್ಟಿ ಎಸೆದು ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತಳಂತೆ. ಮರುದಿನ ನಿಜ ಗೊತ್ತಾಗುವ ಹೊತ್ತಿಗೆ ಹುಳುವೆಲ್ಲ ಹಸಿದು ಸೊರಗಿ ಆ ಬೆಳೆಯೇ ಹೋಗಿತ್ತು. ಎರಡನೇ ಸಲ ಮಗಳು ಬಾವಿಕಟ್ಟೆಯ ಮೇಲಿದ್ದಾಗ ಕಾಗೆ ಬಂತು, ಮತ್ತೆ ಆಳು ಹೋಯಿತು. ಆ ಸಲ ಮುದುಕಿ ಮೊದಲು ಸೊಪ್ಪು ಹಾಕಿ ಮುಗಿಸಿ, ಕೈ ತೊಳೆದು, ಹೊರಗೆ ಬಂದು ಕಾಲು ಚಾಚಿ ಕೂತು ಆಮೇಲೆ ಅತ್ತಳು. ಇದನ್ನು ಗೆಳತಿ ನನಗೆ ಹೇಳುವಾಗ ನಗು ತಡೆಯಲಾರದೆ ಕೆಮ್ಮುತ್ತಿದ್ದಳು. "ನಮ್ಮವ್ವ ಅತ್ತು ಅತ್ತು ನನ್ ಆಯಸ್ಸು ಬೆಳೆಸ್ತಾವ್ಳೆ ಕಣೇ" ಎನ್ನುತ್ತಿದ್ದಳು.

ಆಮೇಲೆ ಅವಳಿಗೆ ವಿಷಮಜ್ವರ ಬಂತು. ಆಗ ಕಾಗೆಯೂ ಇರಲಿಲ್ಲ, ಶಕುನವೂ ಇರಲಿಲ್ಲ. ಜ್ವರ ಬಿಡಲಿಲ್ಲ, ಅಷ್ಟೇ. ಯುದ್ಧದ ಕಾಲ. ಔಷಧಿಯೆಂದರೆ ಆಸ್ಪತ್ರೆಯ ಕಂಪೌಂಡರು ಸೀಸೆಯಲ್ಲಿ ಹಾಕಿಕೊಡುತ್ತಿದ್ದ ಕೆಂಪು ನೀರು. ನನ್ನನ್ನು ಕರೆಸಿದರು. ಗೆಳತಿ ಎಂದು ಕರೆಸಿದರೋ ಆಕಿ ಎಂದು ಕರೆಸಿದರೋ ನಾನು ಕೇಳಲಿಲ್ಲ. ನನ್ನನ್ನು ಕಂಡ ಕೂಡಲೇ ಅವಳು "ಓಹೋ, ಯಮನ ತಂಗಿ ಬಂದ್ಲು" ಎಂದಳು. ನಾನು ಬಾಯಿ ಮುಚ್ಚು ಎಂದೆ. ಪಕ್ಕದಲ್ಲಿ ಕೂತೆ. ಅವಳು ಹೋಗುವವರೆಗೂ ಎದ್ದು ಬರಲಿಲ್ಲ.

ದೂರದ ದಾರಿ, ಬೇಸಿಗೆ, ದೇಹ ಕಾಯುವ ಹಾಗಿರಲಿಲ್ಲ. ಮಣ್ಣು ಮಾಡಿದರು. ಸುದ್ದಿ ಹೇಳಲು ಅವಳ ಮೈದುನ ಹೋದ. ಹೋದವನು ಮೂರನೇ ದಿನಕ್ಕೆ ಪೆಚ್ಚುಮೋರೆ ಹಾಕಿಕೊಂಡು ವಾಪಸಾಗಿ ಸೀದಾ ನನ್ನ ಮನೆಗೆ ಬಂದ.

"ನಂಬವಲ್ಲಳ್ರಿ ಅಕ್ಕಾರ. ನಾ ಹೇಳಿದ್ದಕ್ಕ ನಕ್ಕಳ್ರಿ. ಮಜ್ಜಿಗಿ ಕೊಟ್ಟಳು, ಕುಡಿದು ಹೋಗು, ಕಾಗಿಗೆ ನಾ ಕೇಳಿದೆ ಅಂತ ಹೇಳು ಅಂದ್ಲ್ರಿ. ಆಣಿ ಮಾಡಿದೆ, ಕಾಲಿಗೆ ಬಿದ್ದೆ. ಕಾಲಿಗೆ ಬಿದ್ದದ್ದಕ್ಕ ಇನ್ನಷ್ಟು ನಕ್ಕಳ್ರಿ."

"ಮಗ, ಸೊಸೆ?"

"ಮಗ ನಂಬ್ಯಾನ್ರಿ, ಅವ್ವನ ಮುಂದ ಬಾಯಿ ಬಿಡಂಗಿಲ್ಲ. ಹುಳ ಹಣ್ಣಾಗಾಕ ಬಂದಾವ್ರಿ, ಇನ್ನೇನು ಗೂಡು ಕಟ್ತಾವ. ಊರಾಗ ಅಂತಾರ, ಮುದುಕಿ ಹುಳದ ಆಸೆಗೆ ಮಗಳ ಸಾವನ್ನ ಒಪ್ಪವಲ್ಲಳು ಅಂತ. ತವರಿನವರು ಬರದ ತಿಥಿ ಹೆಂಗ ಮಾಡೋದ್ರಿ? ನೀವು ಆ ಕಡಿಯವರು. ನೀವ ಹೋಗಿ ಆಕಿನ್ನ ಅಳಿಸಿ ಬರ್ರಿ."

ಅಳಿಸಿ ಬರುವುದು. ಮಾರ್ಕೆಟ್ಟಿಗೆ ಹೋಗಿ ಬದನೆಕಾಯಿ ತಂದುಬಿಡಿ ಎನ್ನುವ ಹಾಗೆ ಹೇಳಿದ. ಒಪ್ಪಿದೆ. ತಿಥಿಯ ಚಿಂತೆ ನನಗಿರಲಿಲ್ಲ. ತಿಥಿ ಯಾರಿದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ನನಗೆ ಬೇಸರವಾದದ್ದು ಬೇರೆ ಕಾರಣಕ್ಕೆ. ಕಾಗೆ ಮುಟ್ಟಿದ್ದಕ್ಕೇ ಮಡಕಶಿರದಲ್ಲಿ ತಾಯಿಯನ್ನು ಹೊರಳಾಡಿ ಅಳುವಂತೆ ಮಾಡಿದ್ದ ನನ್ನ ಗೆಳತಿ, ನಿಜವಾಗಿ ಸತ್ತಾಗ ಅವಳ ಹೆತ್ತವಳ ಒಂದು ಹನಿ ಕಣ್ಣೀರೂ ಇಲ್ಲದೆ ಮಣ್ಣಲ್ಲಿ ಮಲಗಿದ್ದಾಳೆ ಎಂಬುದು ನನಗೆ ಸಹಿಸಲಾಗಲಿಲ್ಲ.

ರಾಯದುರ್ಗದಿಂದ ಮಡಕಶಿರಕ್ಕೆ ಹೋಗಬೇಕೆಂದರೆ ಮದ್ರಾಸ್ ಸರ್ಕಾರದ ಸೀಮೆ ಬಿಟ್ಟು ಪಾವಗಡದ ಹತ್ತಿರ ಮೈಸೂರು ಸೀಮೆಗೆ ನುಗ್ಗಿ ಮತ್ತೆ ಮದ್ರಾಸ್ ಸೀಮೆಗೇ ಬರಬೇಕು. ಗಡಿಯಲ್ಲಿ ಕಾವಲಿನವನು ರಾಗಿ ಕದ್ದು ಒಯ್ಯುತ್ತಿದ್ದೀರಾ ಎಂದು ಗಂಟು ಬಿಚ್ಚಿಸುತ್ತಾನೆ. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ಬಸ್ಸುಗಳ ಹಿಂದೆ ಇದ್ದಿಲ ಒಲೆ ಕಟ್ಟಿದ್ದರು. ದಿಬ್ಬ ಬಂದರೆ ಬಸ್ಸಿಗೆ ದಮ್ಮು. ಕಂಡಕ್ಟರ್ "ದಿಗಂಡಿ, ದಿಗಂಡಿ" ಎಂದು ತೆಲುಗಿನಲ್ಲಿ ಎಲ್ಲರನ್ನೂ ಇಳಿಸುತ್ತಿದ್ದ. ಇಳಿದು ನೂಕಬೇಕು. ನಾನೂ ಸೆರಗು ಸಿಕ್ಕಿಸಿ ನೂಕಿದೆ. ಟಿಕೇಟು ಕೊಂಡು ಬಸ್ಸು ನೂಕುವುದು ಇಂಗ್ಲಿಷರ ರಾಜ್ಯದಲ್ಲಿ ನಾನು ಮಾಡಿದ ದೇಶಸೇವೆ.

ಮುದುಕಿಯ ಮನೆ ತಲುಪಿದಾಗ ಮಧ್ಯಾಹ್ನ. ಸೊಸೆ ಹಿತ್ತಲಿನಲ್ಲಿ ಕಟ್ಟಿಗೆಯ ರಾಶಿಯ ಹಿಂದೆ ಕೂತು ಸದ್ದಿಲ್ಲದೆ ಅಳುತ್ತಿದ್ದಳು, ನನ್ನನ್ನು ಕಂಡು ಕಣ್ಣೊರೆಸಿಕೊಂಡು ಒಳಗೆ ಕೈ ತೋರಿಸಿದಳು. ಹುಳುವಿನ ಕೋಣೆಯ ಬಾಗಿಲಿಗೆ ಗೋಣಿತಾಟಿನ ಪರದೆ. ಹೊರಗಿನವರು ಒಳಗೆ ಹೋಗುವಂತಿಲ್ಲ, ಹುಳು ನೋಡುವಂತಿಲ್ಲ. ಒಳಗಿನಿಂದ ಸೊಪ್ಪಿನ ಹಸಿವಾಸನೆ ಬರುತ್ತಿತ್ತು, ಹುಳು ತಿನ್ನುವ ಸದ್ದು ಕೇಳುತ್ತಿತ್ತು. ಹೊಸ್ತಿಲ ಹೊರಗೆ ಕೂತು ಕರೆದೆ.

"ದೊಡ್ಡಮ್ಮ."

"ಯಾರು? ಓ, ನೀನಾ? ಕೈಕಾಲ್ ತೊಳ್ಕೊಂಡ್ಯಾ? ಈ ಕಿತ ನಿನ್ನೇ ಕಳಿಸವ್ರಾ? ಯಾಕವ್ವ, ರಾಯದುರ್ಗದಾಗೆ ಕಾಗೆಗೆ ಬ್ಯಾರೆ ತಲೆ ಸಿಗ್ಲಿಲ್ವಾ?"

"ಕಾಗೆ ಅಲ್ಲ ದೊಡ್ಡಮ್ಮ. ಜ್ವರ."

"ಹೂಂ. ಮೊದಲ ಕಿತ ಹಾವು ಅಂದ್ರು, ಎರಡನೇ ಕಿತ ವಾಂತಿಭೇದಿ ಅಂದ್ರು. ಈಗ ಜ್ವರ. ಒಂದೊಂದೇ ರೋಗ ಮುಗೀತಾ ಬಂತು, ಮುಂದ್ಲ ಕಿತಕ್ಕೆ ಏನ್ ಉಳಿಸ್ಕೊಂಡೀರಾ?"

ನನಗೆ ನಗು ಬಂತು. ಗೆಳತಿಯ ಬಾಯಿ ಎಲ್ಲಿಂದ ಬಂದಿತ್ತೆಂದು ಆಗ ತಿಳಿಯಿತು. ಇದನ್ನು ಕೇಳಿ ಕೆಮ್ಮುತ್ತ ನಗಬೇಕಾದವಳು ಮಾತ್ರ ಇರಲಿಲ್ಲ.

ನನಗೆ ಗೊತ್ತಿದ್ದುದನ್ನೆಲ್ಲ ಮಾಡಿದೆ. ಸುಮ್ಮನೆ ಕೂತೆ. ಮುದುಕಿಯೂ ಸುಮ್ಮನಿದ್ದಳು, ಅವಳಿಗೆ ಕೆಲಸವಿತ್ತು. ಹುಣಸೆಹಣ್ಣು ಬಿಡಿಸಿದೆ. ಸಂಜೆಗೆ ಮುದುಕಿ ಹೊರಗೆ ಬಂದು, ಬೀಜ ಸರಿಯಾಗಿ ತೆಗೆದಿಲ್ಲವೆಂದು ಬೈದು, ರಾಗಿಮುದ್ದೆ ಉಣ್ಣಿಸಿದಳು. ಜ್ವರ ಹೇಗೆ ಬಂತು, ಹೇಗೆ ಏರಿತು ಎಂದು ನಾನು ಹೇಳುತ್ತಿದ್ದರೆ ತಲೆಯಾಡಿಸುತ್ತ ಕೇಳಿದಳು, ಹರಿಕಥೆ ಕೇಳುವವರು ಹೂಂಗುಡುವ ಹಾಗೆ. "ಚೆನ್ನಾಗಿ ಹೇಳ್ತೀಯ. ಹೋದ ಕಿತದೋನು ಇಷ್ಟು ಚೆನ್ನಾಗಿ ಹೇಳ್ಲಿಲ್ಲ" ಎಂದಳು. ಆಮೇಲೆ ಯುದ್ಧಕ್ಕೆ ರೇಷ್ಮೆ ಬೇಕಂತೆ, ಆಕಾಶದಿಂದ ಕೆಳಗೆ ಹಾರುವ ಸಿಪಾಯಿಗಳಿಗೆ ಕೊಡೆ ಹೊಲಿಯುತ್ತಾರಂತೆ, ನನ್ನ ಹುಳದ ನೂಲು ಹಿಡಿದು ಯಾವನೋ ದೊರೆ ನೇತಾಡುತ್ತಾನೆ ನೋಡು ಎಂದು ನಗಾಡಿದಳು.

ಮರುದಿನ ಬೆಳಿಗ್ಗೆ ಮತ್ತೆ ಪರದೆಯ ಆಚೆ ಅವಳು, ಈಚೆ ನಾನು. ಹುಳು ಕೆಲವು ಹಣ್ಣಾಗಿದ್ದವು, ಅವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುತ್ತಿದ್ದಳು. ನನ್ನ ಕೈಯಲ್ಲಿ ಇನ್ನೊಂದೇ ಒಂದು ಮಾತಿತ್ತು. ಸತ್ತವರ ಮನೆಯಲ್ಲಿ ಎಲ್ಲರೂ ಕೊನೆಗೆ ಕೇಳುವುದು ಒಂದನ್ನೇ, ನನ್ನನ್ನು ಕೇಳಿದರಾ ಎಂದು. ಮಗ ಕೇಳುತ್ತಾನೆ, ಸೊಸೆ ಕೇಳುತ್ತಾಳೆ, ಮಾತು ಬಿಟ್ಟಿದ್ದ ತಮ್ಮ ಕೇಳುತ್ತಾನೆ. ನಾನು ಎಲ್ಲರಿಗೂ ಹೌದು ಎನ್ನುತ್ತೇನೆ. ಸಾಯುವವರು ಹೆಚ್ಚಾಗಿ ಯಾರನ್ನೂ ಕೇಳುವುದಿಲ್ಲ. ನೀರು ಕೇಳುತ್ತಾರೆ, ಇಲ್ಲವೇ ಹೊದಿಕೆ ತೆಗಿ ಎನ್ನುತ್ತಾರೆ. ಆದರೂ ಈ ಸುಳ್ಳು ಹೇಳದೆ ಸಾವಿನ ಮನೆಯಿಂದ ನಾನು ಹೊರಗೆ ಬಂದದ್ದಿಲ್ಲ. ಹೇಳಿದ ಕೂಡಲೇ ಜನ ಅಳುತ್ತಾರೆ.

"ದೊಡ್ಡಮ್ಮ, ಕೊನೆಗೆ ನಿನ್ನೇ ಕರೆದ್ಲು ಕಣಮ್ಮ. ಅವ್ವಾ ಅವ್ವಾ ಅಂತ ಕರೀತಾನೇ ಕಣ್ಮುಚ್ಚಿದ್ಲು."

ಒಳಗೆ ಕಿಸಕ್ಕೆಂದು ನಗು.

"ಅಗೋ, ಬಂತು! ಇದನ್ನೇ ಕಾಯ್ತಿದ್ದೆ ನಾನು. ಮೊದಲ ಕಿತ ಬಂದೋನೂ ಇದೇ ಅಂದ, ಎರಡನೇ ಕಿತ ಬಂದೋನೂ ಇದೇ ಅಂದ, ಆ ಮೈದುನನೂ ಇದೇ ಅಂದ. ಅವ್ವಾ ಅವ್ವಾ ಅಂದ್ಲಂತೆ! ನನ್ ಮಗಳಾ? ಹೆರಿಗೆ ನೋವಾಗೆ ನಾನು ತಲೆ ಸವರಾಕೆ ಹೋದ್ರೆ ಕೈ ಕಿತ್ತಾಕಿದೋಳು ಅವಳು. ಚೆನ್ನಾಗವ್ಳೆ ಬಿಡು, ನಂಗೊತ್ತು. ನೀನು ಊಟ ಮಾಡ್ಕೊಂಡು ಬಸ್ ಹತ್ತು."

ಆಗ ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಿಲ್ಲ. ಮುದುಕಿಯ ಮೇಲೆ, ಕಾಗೆಯ ಮೇಲೆ, ಕಾಗೆಯ ಹೆಸರಲ್ಲಿ ಒಬ್ಬ ತಾಯಿಯನ್ನು ಹೀಗೆ ಮಾಡಿಟ್ಟವರ ಮೇಲೆ, ಹೇಳದೆ ಕೇಳದೆ ಹೋದ ಅವಳ ಮೇಲೆ. ಪರದೆಗೆ ಮುಖವಿಟ್ಟು ಕೂಗಿದೆ.

"ಹೌದು, ಕರೀಲಿಲ್ಲ! ಕರೀಲೇ ಇಲ್ಲ ನಿನ್ನ. ನಾನೇ ಕೇಳ್ದೆ, ಅವ್ವಂಗೆ ಹೇಳಿ ಕಳಿಸ್ಲಾ ಅಂತ. ಬ್ಯಾಡ ಅಂದ್ಲು. ಅವಳು ಹುಳ ಬಿಟ್ಟು ಓಡಿ ಬತ್ತಾಳೆ, ಬಂದು ಸುಮ್ನೆ ಕೂರಾಕಿಲ್ಲ, ನನ್ ಸಾರಿಗೆ ಉಪ್ಪಿಲ್ಲ ಅಂತಾಳೆ, ನಮ್ಮತ್ತೆ ಮುಂದೆ ನನ್ ಮಾನ ಕಳೀತಾಳೆ, ನೆಮ್ಮದಿಯಾಗಿ ಸಾಯಾಕೆ ಬಿಡು ಅಂದ್ಲು. ಕೊನೆಗೆ ನಾನು ಬಾಯಿಗೆ ನೀರು ಬಿಡಾಕೆ ಬಗ್ಗಿದ್ರೆ, ಸರಿಯೇ ಅತ್ಲಾಗೆ, ಗಾಳಿ ಬರಾಕಿಲ್ಲ ಅಂತ ಒದ್ದಳು. ಅಷ್ಟೇ ಅವಳ ಕೊನೇ ಮಾತು. ಸಾಕಾ?"

ಒಳಗೆ ಸೊಪ್ಪಿನ ಸದ್ದು ನಿಂತಿತು. ಹುಳು ತಿನ್ನುವ ಸದ್ದು ಮಾತ್ರ ಇತ್ತು.

"ಸರಿಯೇ ಅತ್ಲಾಗೆ ಅಂದ್ಲಾ?"

"ಹೂಂ."

"ಒದ್ದಳಾ?"

"ಮೊಣಕಾಲಿಗೆ ಒದ್ದಳು. ಬಲ ಇರಲಿಲ್ಲ. ಆದ್ರೂ ಒದ್ದಳು."

ತಗ್ಗಿದ ದನಿಯಲ್ಲಿ ಮುದುಕಿ ಹೇಳಿದಳು, "ಮದುವೆ ಆಗೋಗಂಟ ನನ್ ಪಕ್ಕದಾಗೇ ಮಲಗ್ತಿದ್ಲು. ದಿನಾ ಒದೆಯೋಳು. ಸರಿಯೇ ಅವ್ವ ಅತ್ಲಾಗೆ ಅನ್ನೋಳು. ಇದನ್ನ ಯಾರೂ ಕಟ್ಟಿ ಹೇಳಾಕಾಗಾಕಿಲ್ಲ." ಆಮೇಲೆ, "ಹಂಗಾದ್ರೆ ಹೋದ್ಲು ಕಣೇ" ಎಂದಳು.

ಪರದೆ ಸರಿಯಿತು. ಸೊಪ್ಪಿನ ಪುಟ್ಟಿಯನ್ನು ಹೊಸ್ತಿಲ ಒಳಗೇ ಇಟ್ಟು ಅವಳು ಹೊರಗೆ ಬಂದಳು. ಗೋಡೆಗೆ ಒರಗಿ ಕೂತಳು. ಕಣ್ಣು ಒಣಗಿತ್ತು. ಸೊಸೆ ಓಡಿ ಬಂದು ಬಾಗಿಲಲ್ಲಿ ನಿಂತು, ಅತ್ತೆಯ ಮುಖ ನೋಡಿ ಬಾಯಿಗೆ ಸೆರಗು ತುರುಕಿಕೊಂಡಳು.

"ನೀನು ಒಳಗೆ ಹೋಗು" ಎಂದಳು ಮುದುಕಿ ನನಗೆ. "ಹುಳ ಹಸ್ದವೆ. ನಾನು ಮುಟ್ಟಂಗಿಲ್ಲ, ಇವಳೂ ಮುಟ್ಟಂಗಿಲ್ಲ."

"ನಾನಾ? ನಾನು ದಿನಾ ಹೆಣದ ಪಕ್ಕ ಕೂರೋಳು ದೊಡ್ಡಮ್ಮ."

"ಮಿಂದಿದ್ದೀಯಲ್ಲ. ನೀನು ಅವಳಿಗೆ ರಕ್ತ ಅಲ್ಲ, ಈ ಮನೆಯೋಳೂ ಅಲ್ಲ."

"ಹುಳಕ್ಕೆ ಮೈಲಿಗೆ ಗೊತ್ತಾಗಲ್ಲ. ನೀನೇ ಹಾಕಿದ್ರೂ ತಿಂತವೆ. ಒಂದು ಬೆಳೆ ಆಗಲೇ ಕಳ್ಕೊಂಡಿದ್ದೀಯ."

"ಹುಳಕ್ಕೆ ಗೊತ್ತಾಗಾಕಿಲ್ಲ, ನಂಗೂ ಗೊತ್ತು. ಈಗ ನಾನು ಸೊಪ್ಪು ಮುಟ್ಟಿದ್ರೆ ಅವಳು ಸತ್ತೇ ಇಲ್ಲ ಅಂದಂಗಾಯ್ತದೆ. ಇಷ್ಟಾದ್ರೂ ಮಾಡ್ಬೇಕಲ್ಲವ್ವ ನಾನು ಅವಳಿಗೆ."

ನಾನು ಒಳಗೆ ಹೋದೆ. ಶುಭದ ಕೋಣೆಯೊಂದಕ್ಕೆ ಯಾರಾದರೂ ನನ್ನನ್ನು ಕರೆದು ಬಹಳ ವರ್ಷಗಳಾಗಿದ್ದವು. ಬಿದಿರಿನ ತಟ್ಟೆಗಳ ತುಂಬ ಬೆರಳು ದಪ್ಪದ ಹುಳುಗಳು ತಲೆ ಎತ್ತಿ ಹುಡುಕುತ್ತಿದ್ದವು. ಹಿಡಿ ಹಿಡಿ ಸೊಪ್ಪು ತೆಗೆದು ಹಾಕತೊಡಗಿದೆ.

ಪರದೆಯ ಆಚೆಯಿಂದ ಮುದುಕಿಯ ದನಿ ಬಂತು. "ಎರಡು ಕಿತ ಸುಳ್ಳಿಗೇ ಅತ್ಬಿಟ್ಟೆ ಕಣೇ. ಎದೆ ಬಡ್ಕೊಂಡೆ, ಮಣ್ಣಾಗೆ ಹೊರಳಾಡ್ದೆ, ಇದ್ದಬದ್ದ ಮಾತೆಲ್ಲಾ ಹೇಳ್ಕೊಂಡು ಅತ್ತೆ. ಈಗ ನಿಜಕ್ಕೆ ಹೆಂಗೆ ಅಳೋದ್ಲೇ? ನಿಂಗೆ ಗೊತ್ತಲ್ಲ ಈ ಕೆಲಸ, ಹೇಳು."

ನನಗೆ ಗೊತ್ತಿರಲಿಲ್ಲ. ಎಷ್ಟೋ ಮನೆಗಳಲ್ಲಿ ಎಷ್ಟೋ ಜನರನ್ನು ಅಳಿಸಿದ್ದೆ. ನನ್ನ ಗೆಳತಿಗಾಗಿ ನಾನೇ ಇನ್ನೂ ಅತ್ತಿರಲಿಲ್ಲ. ಅವಳನ್ನು ಮೀಯಿಸಿದೆ, ಸೀರೆ ಉಡಿಸಿದೆ, ಮಣ್ಣು ಹಾಕುವವರೆಗೂ ನಿಂತೆ, ಬಸ್ಸು ನೂಕಿದೆ. ಅಳು ಎಲ್ಲಿ ಬಿಟ್ಟೆನೋ ತಿಳಿಯದು.

"ನಂಗೂ ಗೊತ್ತಿಲ್ಲ ದೊಡ್ಡಮ್ಮ" ಎಂದೆ.

ಆಚೆ ಕಡೆಯಿಂದ ಬಿಕ್ಕಿದ ಸದ್ದು ಬಂತು. ಅದಕ್ಕೆ ರಾಗವಿರಲಿಲ್ಲ, ಮಾತಿರಲಿಲ್ಲ, ಎದೆ ಬಡಿದುಕೊಂಡ ಸದ್ದೂ ಇರಲಿಲ್ಲ. ಊಟ ಗಂಟಲಲ್ಲಿ ಸಿಕ್ಕಿದವರ ಹಾಗೆ ಒಂದು ಬಿಕ್ಕು, ಉಸಿರು, ಇನ್ನೊಂದು ಬಿಕ್ಕು. ನನ್ನ ಕಣ್ಣಿಗೆ ತಟ್ಟೆ ಕಾಣದಾಯಿತು. ಕೈಗೆ ಬಂದಷ್ಟು ಸೊಪ್ಪು ಎಳೆದು ಹುಳುಗಳ ಮೇಲೆ ಸುರಿಯುತ್ತಿದ್ದೆ. ಪರದೆಯ ಸಂದಿಯಿಂದ ಮುದುಕಿ ನೋಡುತ್ತಿದ್ದಳೆಂದು ಕಾಣುತ್ತದೆ.

"ಅಷ್ಟು ದಪ್ಪ ಹಾಕ್ಬ್ಯಾಡ್ವೇ" ಎಂದಳು ಬಿಕ್ಕುತ್ತಲೇ, "ಉಸಿರು ಕಟ್ಟಿ ಸಾಯ್ತವೆ. ತೆಳ್ಳಗೆ ಹಾಕು. ತೆಳ್ಳಗೆ."